ಕವಚದ ಪ್ರತಿಕೃತಿಯೂ ವೀರಗಲ್ಲಿನ ಸಾಕ್ಷಿಯೂ

ಪೂರ್ವಕಾಲದ ಯೋಧನು ತೊಡುತ್ತಿದ್ದ ಕವಚ, ಶಿರಸ್ತ್ರಾಣ, ಗುರಾಣಿ ಮೊದಲಾದವುಗಳನ್ನು ಇಂದಿನ ಕೈಗಳಿಂದ ಮರಳಿ ಮಾಡುವ ಉದ್ಯೋಗವು ಮೇಲುನೋಟಕ್ಕೆ ಕಮ್ಮಾರನ ಕೆಲಸವೆಂದು ತೋರುವದಾದರೂ ವಸ್ತುತಃ ಅದು ಇತಿಹಾಸಸಂಶೋಧನದ ಒಂದು ಅಂಗವೇ ಆಗಿದೆ. ಶಾಸನವನ್ನು ಓದುವವನು ಅಕ್ಷರವು ಸವೆದ ಸ್ಥಳದಲ್ಲಿ ತನಗೆ ತೋಚಿದ ಅಕ್ಷರವನ್ನು ತುಂಬಿ, ಅದನ್ನು ಆವರಣಚಿಹ್ನದೊಳಗೆ ಇಡದೆ ಅಚ್ಚು ಹಾಕಿಸಿದರೆ ವಿದ್ವಾಂಸರು ಅವನನ್ನು ಮನ್ನಿಸುವದಿಲ್ಲ. ಕವಚವನ್ನು ಪುನಃ ನಿರ್ಮಿಸುವವನಿಗೂ ಇದೇ ನಿಯಮವು ಸಲ್ಲತಕ್ಕದ್ದು. ಆದರೆ ಕನ್ನಡನಾಡಿನಲ್ಲಿ ಮಧ್ಯಯುಗದ ವೀರನ ತೊಡಿಗೆಯೆಂದು ಜನರ ಕಣ್ಣಿಗೆ ಬೀಳುವ ವಸ್ತುಗಳನ್ನು ಈ ನಿಯಮದಿಂದ ಅಳೆದು ನೋಡಿದರೆ, ಆವರಣಚಿಹ್ನದಲ್ಲಿ ಇರಬೇಕಾದದ್ದೇ ಬಹುಪಾಲು ಮೂಲಪಾಠವಾಗಿ ಕುಳಿತಿರುವದು ಕಂಡುಬರುತ್ತದೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವದು ಅವಶ್ಯ. ವೇಷವು ಬೇರೆ, ಪ್ರತಿಕೃತಿಯು ಬೇರೆ. ಧಾರವಾಡದ ಹಳ್ಳಿಗಳಲ್ಲಿ ಆಡುವ ದೊಡ್ಡಾಟದ ಪಾತ್ರಧಾರಿಯು ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನು ತೊಟ್ಟು ಅರ್ಜುನನಾಗಿ ನಿಂತಾಗ, ಇದು ಇಂಥ ಶತಮಾನದ ಯೋಧನ ಉಡುಪೆಂದು ಅವನು ಹೇಳಿಕೊಳ್ಳುವದಿಲ್ಲ. ನೋಡುವವರೂ ಹಾಗೆ ಭಾವಿಸುವದಿಲ್ಲ. ಆ ವೇಷಕ್ಕೆ ತನ್ನದೇ ಆದ ಶಾಸ್ತ್ರವುಂಟು, ಇತಿಹಾಸದ ತಕ್ಕಡಿಯಲ್ಲಿ ಅದನ್ನು ತೂಗುವದು ಅನ್ಯಾಯ. ‘ಐತಿಹಾಸಿಕ’ ಎಂಬ ಹೆಸರನ್ನು ಹೊತ್ತು ಬರುವ ನಾಟಕ, ಚಲಚ್ಚಿತ್ರ, ಮೆರವಣಿಗೆಯ ಸ್ತಬ್ಧಚಿತ್ರ, ಚೌಕದ ಪ್ರತಿಮೆಗಳ ಮಾತು ಹಾಗಲ್ಲ. 1967ರಲ್ಲಿ ಬಂದ ‘ಇಮ್ಮಡಿ ಪುಲಿಕೇಶಿ’, 1975ರಲ್ಲಿ ಬಂದ ‘ಮಯೂರ’ ಮುಂತಾದ ಚಿತ್ರಗಳಿಂದ ಪೂರ್ವದ ಅರಸರ ಮೇಲೆ ಜನರಲ್ಲಿ ಹೊಸ ಅಭಿಮಾನವು ಮೂಡಿತೆಂಬದನ್ನು ಯಾರೂ ಅಲ್ಲಗಳೆಯಲಾರರು. ಆ ಅಭಿಮಾನದ ಬೆನ್ನಿಗೇ ಒಂದು ರೂಢಿಯೂ ಬೆಳೆದಿದೆ. ಕದಂಬನಾಗಲಿ, ಚಾಲುಕ್ಯನಾಗಲಿ, ಸೇವುಣನಾಗಲಿ, ಪ್ರತಿಮೆಯಲ್ಲಿಯೂ ಮೆರವಣಿಗೆಯಲ್ಲಿಯೂ ನಿಂತ ವೀರನಿಗೆ ಎದೆಯ ಆಕಾರಕ್ಕೆ ಬಾಗಿಸಿದ ಹೊಳೆಯುವ ಲೋಹದ ಹಲಗೆಯೊಂದು ಬೇಕೇ ಬೇಕೆಂಬದು ಆ ರೂಢಿ. ಎದೆಯ ಸ್ನಾಯುಗಳನ್ನು ಲೋಹದಲ್ಲಿ ಎತ್ತಿ ತೋರಿಸುವ ಈ ಬಗೆಯ ಕವಚವು ಗ್ರೀಕರದು, ರೋಮನರದು. ಅವರ ಶಿಲ್ಪಗಳಿಂದ ಯುರೋಪಿನ ಚಿತ್ರಕಾರರಿಗೂ ನಾಟಕಶಾಲೆಗಳಿಗೂ ಬಂದು, ಅಲ್ಲಿಂದ ಲೋಕವನ್ನೆಲ್ಲ ಸುತ್ತಿದ ಈ ಆಕೃತಿಗೆ ಬೆಳ್ವೊಲದ ನೆಲದಲ್ಲಿ ಆಧಾರವೇನೆಂದು ಕೇಳಿದವರು ವಿರಳ.

ಈ ಪ್ರಶ್ನೆಗೆ ಉತ್ತರ ಕೊಡತಕ್ಕ ಸಾಕ್ಷಿಗಳು ದೂರದಲ್ಲಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳ ಸುತ್ತಿನ ಸೀಮೆಯಲ್ಲಿ ಊರಬಾಗಿಲು, ಹನುಮಪ್ಪನ ಗುಡಿ, ಕೆರೆಯ ಏರಿಗಳ ಬಳಿ ನಿಂತ ವೀರಗಲ್ಲುಗಳೇ ಆ ಸಾಕ್ಷಿಗಳು. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯು ಆರಂಭದಿಂದಲೂ ಇಂಥ ಶಿಲೆಗಳತ್ತ ಲಕ್ಷ್ಯ ಕೊಟ್ಟಿತು. 1982ರಲ್ಲಿ ಷ. ಶೆಟ್ಟರ ಮತ್ತು ಗುಂಥರ್ ಸೊಂಥೈಮರ್ ಇವರ ಸಂಪಾದಕತ್ವದಲ್ಲಿ ಧಾರವಾಡದಿಂದಲೇ ಹೊರಟ ಸ್ಮಾರಕಶಿಲೆಗಳ ಗ್ರಂಥವು ಈ ಅಭ್ಯಾಸಕ್ಕೆ ಗಟ್ಟಿಯಾದ ತಳಹದಿಯನ್ನು ಹಾಕಿತು. ವೀರಗಲ್ಲಿನ ಸಾಮಾನ್ಯ ಕ್ರಮವು ವಾಚಕರಿಗೆ ತಿಳಿದದ್ದೇ: ಕೆಳಗಿನ ಹಂತದಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ದೃಶ್ಯ. ಪ್ರತಿಕೃತಿಕಾರನಿಗೆ ಬೇಕಾದದ್ದು ಕೆಳಗಿನ ಹಂತ. ಅಲ್ಲಿ ಸಾಮಾನ್ಯವಾಗಿ ಕಾಣುವವನು ಬರಿಮೈಯ ಮನುಷ್ಯ. ಸೊಂಟಕ್ಕೆ ಬಿಗಿದ ವಸ್ತ್ರ, ಹಿಂದಕ್ಕೆ ಕಟ್ಟಿದ ತುರುಬು, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಗುರಾಣಿ. ಇಲ್ಲವೆ ಬಿಲ್ಲು ಮತ್ತು ಬತ್ತಳಿಕೆ. ಎದೆಯ ಹಲಗೆಯ ಸುಳಿವೇ ಇಲ್ಲ.

ಹಾಗಾದರೆ ಮಧ್ಯಯುಗದ ಕನ್ನಡ ಯೋಧನು ಕವಚವನ್ನೇ ತೊಡುತ್ತಿರಲಿಲ್ಲವೆಂದು ತೀರ್ಮಾನಿಸಬಹುದೇ? ಮೊದಲಿನವರು ಇಲ್ಲದ್ದನ್ನು ತುಂಬಿದರೆ, ಈ ಎರಡನೆಯ ಪಕ್ಷದವರು ಕಾಣದ್ದೆಲ್ಲ ಇರಲೇ ಇಲ್ಲವೆನ್ನುತ್ತಾರೆ; ಎರಡೂ ಅವಸರದ ಮಾತುಗಳೇ. ಶಿಲೆಯ ಮೌನಕ್ಕೆ ಕಾರಣಗಳು ಹಲವು. ಮಳೆ ಬಿಸಿಲುಗಳಿಗೆ ಸವೆದ ಕಲ್ಲಿನಲ್ಲಿ ದಪ್ಪ ಅಂಗಿಯ ಅಂಚು ಉಳಿಯುವದು ಕಷ್ಟ. ಶಿಲ್ಪಿಗೆ ವೀರನ ಅಂಗಸೌಷ್ಠವವನ್ನು ತೋರಿಸುವ ಸಂಪ್ರದಾಯವಿತ್ತು. ಇವೆರಡಕ್ಕಿಂತ ಮುಖ್ಯವಾದದ್ದು, ಸತ್ತವನು ಯಾರೆಂಬ ಪ್ರಶ್ನೆ. ವೀರಗಲ್ಲಿನ ಶಾಸನಗಳು ತುರುಗೋಳ್, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳನ್ನು ಮತ್ತೆ ಮತ್ತೆ ಹೇಳುತ್ತವೆ. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆಯಲು, ಸುಲಿಗೆಯಾಗುತ್ತಿರುವ ಊರನ್ನು ಉಳಿಸಲು, ಹೆಂಗಸರ ಮಾನವನ್ನು ಕಾಯಲು ಓಡಿದವನು ಅರಮನೆಯ ಪಡೆಯವನೇ ಆಗಿರಬೇಕಾಗಿಲ್ಲ. ಅನೇಕ ವೇಳೆ ಆ ಊರಿನ ಒಕ್ಕಲಿಗನೋ ಗೋವಳನೋ ಆಗಿದ್ದಾನೆ. ಅವನಿಗೆ ಕವಚವನ್ನು ಕೊಳ್ಳುವ ಸಿರಿಯೂ ಇರಲಿಲ್ಲ, ತೊಡುವ ವೇಳೆಯೂ ಇರಲಿಲ್ಲ. ಆದುದರಿಂದ ವೀರಗಲ್ಲು ಊರಿನ ವೀರನ ವಿಷಯದಲ್ಲಿ ನಂಬತಕ್ಕ ಸಾಕ್ಷಿ. ರಾಜನ ಮೈಗಾವಲಿನವರ ವಿಷಯದಲ್ಲಿ ಅದರ ಮಾತು ಅಪೂರ್ಣ.

ಕಾವ್ಯವನ್ನು ಕೇಳೋಣವೆಂದರೆ ಅಲ್ಲಿಯೂ ಎಚ್ಚರವು ಬೇಕು. ಕರೀಂನಗರ ಪ್ರಾಂತದ ಕುರ್ಕ್ಯಾಲದ ಶಾಸನದಿಂದ ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿದುಬಂದಿದೆ. ಹೀಗೆ ಈ ಸೀಮೆಯ ನಂಟುಳ್ಳ ಕವಿಯು 941ರ ಸುಮಾರಿಗೆ ಬರೆದ ವಿಕ್ರಮಾರ್ಜುನವಿಜಯವು ಯುದ್ಧವನ್ನು ಹತ್ತಿರದಿಂದ ಬಲ್ಲವನ ಕೃತಿಯೆಂದು ಪ್ರಸಿದ್ಧವಾಗಿದೆ. ಆದರೂ ಕಥೆಯು ಭಾರತದ್ದು. ಅದರಲ್ಲಿ ಎಲ್ಲರಿಗಿಂತ ಹೆಸರಾದ ಕವಚವು ಕರ್ಣನದು. ಹುಟ್ಟುತ್ತಲೇ ಮೈಗೆ ಅಂಟಿಬಂದ ಕವಚದಿಂದ ಕಮ್ಮಾರನು ಕಲಿಯುವದು ಏನೂ ಇಲ್ಲ. ಕನ್ನಡದಲ್ಲಿ ಕವಚ, ಜೋಡು, ವಜ್ರಾಂಗಿ, ಸೀಸಕ ಮುಂತಾದ ಶಬ್ದಗಳು ಬಳಕೆಯಲ್ಲಿದ್ದವೆಂಬದರಿಂದ ಆ ವಸ್ತುಗಳ ಪರಿಚಯವು ಇತ್ತೆಂದು ಹೇಳಬಹುದು. ಅವು ತೊಗಲಿನವೋ, ನೂಲಿನವೋ, ಕಬ್ಬಿಣದವೋ ಎಂಬದನ್ನು ಶಬ್ದವೊಂದೇ ಹೇಳಲಾರದು.

ಕವಚದ ಮಾಟವನ್ನು ಬಿಚ್ಚಿ ಹೇಳುವ ಸಾಕ್ಷಿಯು ದೊರೆಯುವದು ವಿಜಯನಗರದ ಕಾಲಕ್ಕೆ. 1520ರ ಸುಮಾರಿಗೆ ಆ ರಾಜಧಾನಿಯನ್ನು ಕಂಡ ಪೋರ್ತುಗೀಜ ಡೊಮಿಂಗೊ ಪಾಯೆಸನು ಮಹಾನವಮಿಯ ಸೈನ್ಯಪ್ರದರ್ಶನವನ್ನು ವರ್ಣಿಸುತ್ತ, ರಾವುತರ ಅಂಗಿಗಳು ಗಟ್ಟಿಯಾದ ಹಸಿತೊಗಲಿನ ಪದರುಗಳನ್ನು ಸೇರಿಸಿ ಮಾಡಿದವೆಂದೂ, ನಡುವೆ ಕಬ್ಬಿಣದ ತಗಡುಗಳಿದ್ದವೆಂದೂ, ಮೇಲ್ಭಾಗಕ್ಕೆ ಮಕಮಲ್ಲು ಜರತಾರಿಯಂಥ ಬಟ್ಟೆಗಳಿದ್ದವೆಂದೂ, ಶಿರಸ್ತ್ರಾಣಗಳಿಗೆ ಕುತ್ತಿಗೆಯನ್ನೂ ಮುಖವನ್ನೂ ಕಾಯುವ ಭಾಗಗಳಿದ್ದವೆಂದೂ ತಿಳಿಸಿದ್ದಾನೆ. ರಾಬರ್ಟ್ ಸಿವೆಲ್ಲನು 1900ರಲ್ಲಿ ಈ ಬರೆಹವನ್ನು ಇಂಗ್ಲೀಷಿಗೆ ತಂದು ಪ್ರಕಟಿಸಿದನು. ಪದರುಪದರಾಗಿ ಹೊಲಿದ ಇಂಥ ಅಂಗಿಯನ್ನು ಹೊರಗಿನಿಂದ ನೋಡಿದರೆ ಕಾಣುವದು ಬಟ್ಟೆ, ಲೋಹವಲ್ಲ ಎಂಬದು ಇಲ್ಲಿ ಗಮನಿಸತಕ್ಕ ವಿಷಯ. ಇನ್ನು ಮೂಲವಸ್ತುವೇ ಕೈಗೆ ಸಿಗುವದು ಅದಕ್ಕೂ ಈಚೆಗೆ. ವಿಜಾಪುರದ ಆದಿಲಶಾಹಿಗೆ ಸೇರಿದ್ದ ಆದವಾನಿಯ ಕೋಟೆಯು 17ನೆಯ ಶತಮಾನದ ಕೊನೆಯಲ್ಲಿ ಮೊಗಲರ ವಶವಾದಾಗ ಅಲ್ಲಿಯ ಆಯುಧಶಾಲೆಯ ಕವಚಗಳನ್ನು ಬಿಕಾನೇರದ ಅನೂಪಸಿಂಹನು ಒಯ್ದನು. ಅವು ಬಿಕಾನೇರದಲ್ಲಿ ಉಳಿದುಬಂದು, ಕೆಲವು ಪರದೇಶದ ವಸ್ತುಸಂಗ್ರಹಾಲಯಗಳನ್ನೂ ಸೇರಿವೆ. ಕಬ್ಬಿಣದ ಕೊಂಡಿಗಳ ಹೆಣಿಗೆಯ ನಡುವೆ ತಗಡುಗಳನ್ನು ಕೂಡಿಸಿದ ಅಂಗಿಗಳು ಇವುಗಳಲ್ಲುಂಟು.

ಈಗ ಕಾಲವನ್ನು ಸಾಲಾಗಿ ಇಟ್ಟು ನೋಡತಕ್ಕದ್ದು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಸುಮಾರು 1050ರದು. ನಾಲ್ವಡಿ ಸೋಮೇಶ್ವರನು ಅಣ್ಣಿಗೇರಿಯಲ್ಲಿ ನೆಲೆನಿಂತದ್ದು 12ನೆಯ ಶತಮಾನದ ಕೊನೆಗೆ. ಪಾಯೆಸನು ಬಂದದ್ದು ಅಲ್ಲಿಂದ ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ. ಆದವಾನಿಯ ಕವಚಗಳು ಕೈಬದಲಾದದ್ದು ಅಮೃತೇಶ್ವರನ ಗುಡಿಯಾಗಿ ಆರುನೂರು ವರ್ಷಗಳ ಮೇಲೆ. ಹೀಗಿರುವಲ್ಲಿ ಆದವಾನಿಯ ಕೊಂಡಿಯಂಗಿಯನ್ನು ಚಾಲುಕ್ಯ ಸಾಮಂತನಿಗೆ ತೊಡಿಸುವದು, ಕುಮಾರವ್ಯಾಸನ ಷಟ್ಪದಿಯನ್ನು ಪಂಪನ ಬಾಯಲ್ಲಿ ಹಾಡಿಸಿದಂತೆ. ಅಂಗಿಯು ಎಷ್ಟೇ ಪ್ರಾಮಾಣಿಕವಾಗಿ ಸಿದ್ಧವಾಗಿದ್ದರೂ ತೊಟ್ಟವನು ತಪ್ಪಾದರೆ ಪ್ರತಿಕೃತಿಯು ಸುಳ್ಳಾಗುವದು.

ಮಾಡುವ ರೀತಿಯಲ್ಲಿಯೂ ಇಂಥದೇ ಪ್ರಶ್ನೆಗಳುಂಟು. ಕೊಂಡಿಯಂಗಿಯನ್ನು ಮಾಡುವವನು ತಂತಿಯನ್ನು ಸಲಾಕೆಗೆ ಸುತ್ತಿ, ಕತ್ತರಿಸಿ, ಬಳೆಗಳ ತುದಿಗಳನ್ನು ಬರಿದೆ ಒತ್ತಿ ಕೂಡಿಸಿಬಿಟ್ಟರೆ ಕೆಲಸವು ಬೇಗ ಮುಗಿಯುವದು. ಆದರೆ ಗಟ್ಟಿಮುಟ್ಟಾದ ಹಳೆಯ ಅಂಗಿಗಳಲ್ಲಿ ತುದಿಗಳನ್ನು ಒಂದರ ಮೇಲೊಂದು ತಂದು, ಬಡಿದು ಚಪ್ಪಟೆ ಮಾಡಿ, ತೂತು ಕೊರೆದು, ಸಣ್ಣ ಮೊಳೆಯಿಂದ ಬಂಧಿಸಿದ್ದಾರೆ. ಒಂದೊಂದು ಬಳೆಯೂ ಸುತ್ತಲಿನ ನಾಲ್ಕು ಬಳೆಗಳನ್ನು ಹಿಡಿದಿರುತ್ತದೆ. ದೂರದಿಂದ ನೋಡುವವನಿಗೆ ಎರಡೂ ಒಂದೇ. ಇರಿತವನ್ನು ತಡೆಯುವಾಗ ಮಾತ್ರ ಮೊದಲನೆಯದು ಬಿಚ್ಚಿಕೊಳ್ಳುವದು, ಎರಡನೆಯದು ನಿಲ್ಲುವದು. ಹೊಲಿದ ಅಂಗಿಯ ವಿಷಯಕ್ಕೆ ಬಂದರೆ, ಕಪ್ಪುಭೂಮಿಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳು ಹತ್ತಿಯ ಸೀಮೆಗಳು. ಹಳೆಯ ಬಟ್ಟೆಗಳನ್ನು ಪದರುಪದರಾಗಿ ಹಾಸಿ ಒತ್ತಾಗಿ ದಾರವೋಡಿಸುವ ಕೌದಿಯ ಕೆಲಸವನ್ನು ಇಲ್ಲಿಯ ಹೆಂಗಸರು ಇಂದಿಗೂ ಬಲ್ಲರು. ಪದರುಗಳು ಜಾರದಂತೆ, ಮೈ ಬಾಗಿದಲ್ಲಿ ಬಾಗುವಂತೆ ಹೊಲಿಯುವದು ಹೇಗೆಂಬದನ್ನು ಪ್ರತಿಕೃತಿಕಾರನು ಯಾವ ಗ್ರಂಥಕ್ಕಿಂತಲೂ ಚೆನ್ನಾಗಿ ಅವರಿಂದ ಕಲಿಯಬಲ್ಲನು. ಆದರೆ ಕೌದಿಯು ಮಾಟಕ್ಕೆ ಗುರುವೇ ಹೊರತು ಇತಿಹಾಸಕ್ಕೆ ಸಾಕ್ಷಿಯಲ್ಲ; ಕೌದಿ ಇದ್ದದ್ದರಿಂದ ಕವಚವೂ ಇತ್ತೆನ್ನಲಾಗದು. ಹತ್ತಿಯ ಆಯ್ಕೆಯಲ್ಲಿಯೂ ಜಾಗರೂಕತೆ ಬೇಕು. ಧಾರವಾಡ-ಅಮೇರಿಕನ್ ಎಂದು ಹೆಸರಾದ ತಳಿಯು ಈ ಜಿಲ್ಲೆಗೆ ಬಂದದ್ದು 1840ರ ದಶಕದಲ್ಲಿ. ಅದನ್ನು ತುಂಬಿದ ಅಂಗಿಯನ್ನು ವಿಜಯನಗರ ಕಾಲದ್ದೆಂದು ಕರೆಯುವದು ಸಲ್ಲದು.

ಇಷ್ಟೊಂದು ಸೂಕ್ಷ್ಮತೆಯೇಕೆಂದು ಕೇಳುವವರು ಅನ್ಯದೇಶದ ಎರಡು ನಿದರ್ಶನಗಳನ್ನು ನೋಡಬೇಕು. ಸ್ವೀಡನ್ನಿನ ಗಾಟ್ಲಂಡ್ ದ್ವೀಪದ ವಿಸ್ಬಿಯಲ್ಲಿ 1361ರ ಕಾಳಗದಲ್ಲಿ ಸತ್ತವರನ್ನು ಅನೇಕರ ಕವಚಗಳ ಸಮೇತವಾಗಿಯೇ ಹೂಳಿದ್ದರು. ಆ ಗುಂಡಿಗಳ ಅಗೆತದಿಂದ ದೊರೆತದ್ದನ್ನು ಬೆಂಗ್ಟ್ ಥೋರ್ಡೆಮನ್ನನು 1939-40ರಲ್ಲಿ ಪ್ರಕಟಿಸಿದ ಮೇಲೆ ಅಲ್ಲಿಯ ಪ್ರತಿಕೃತಿಕಾರನಿಗೆ ತಗಡಿನ ಅಳತೆಯವರೆಗೂ ಆಧಾರವು ಸಿಕ್ಕಿತು. ಕನ್ನಡನಾಡಿಗೆ ಅಂಥ ಭಾಗ್ಯವಿಲ್ಲ. 2010ರಲ್ಲಿ ಅಣ್ಣಿಗೇರಿಯ ಚರಂಡಿಯ ಕೆಲಸದಲ್ಲಿ ನೆಲದೊಳಗಿಂದ ಸುದ್ದಿಗೆ ಬಂದದ್ದು ತಲೆಬುರುಡೆಗಳು, ಶಿರಸ್ತ್ರಾಣಗಳಲ್ಲ. ಎರಡನೆಯ ನಿದರ್ಶನವು ಇಂಗ್ಲಂಡದ ಲೀಡ್ಸಿನಲ್ಲಿರುವ ಆನೆಯ ಕವಚ. ಮದ್ರಾಸಿನ ಗವರ್ನರನ ಪತ್ನಿ ಲೇಡಿ ಕ್ಲೈವಳು ಭಾರತದಿಂದ ಒಯ್ದ ಆ ಕವಚಕ್ಕೆ ಪೂರ್ವದಲ್ಲಿ 8,439 ತಗಡುಗಳಿದ್ದವೆಂದೂ ಈಗ ಉಳಿದವು 5,840 ಎಂದೂ ಅಲ್ಲಿಯವರು ಲೆಕ್ಕವನ್ನು ಕೊಟ್ಟಿದ್ದಾರೆ. ಇದ್ದದ್ದನ್ನು ತೋರಿಸುವದರೊಡನೆ ಇಲ್ಲದ್ದನ್ನೂ ಎಣಿಸಿ ಹೇಳಿದ ಈ ರೀತಿಯು ಅನುಸರಣೀಯವಾದದ್ದು.

ಆದುದರಿಂದ ಮುಂದೆ ಈ ಸೀಮೆಯಲ್ಲಿ ಯೋಧನ ಪ್ರತಿಕೃತಿಯನ್ನು ಮಾಡುವವರು ಒಂದು ಊರನ್ನೂ ಒಂದು ಶತಮಾನವನ್ನೂ ಮೊದಲು ಗೊತ್ತುಮಾಡಿಕೊಳ್ಳಬೇಕು. ಯಾವ ಭಾಗವು ಶಿಲೆಯಿಂದ, ಯಾವದು ಬರೆಹದಿಂದ, ಯಾವದು ಉಳಿದುಬಂದ ವಸ್ತುವಿನಿಂದ, ಯಾವದು ಬರಿಯ ಊಹೆಯಿಂದ ಬಂದದ್ದೆಂದು ನೋಡುವವರಿಗೆ ತಿಳಿಯುವಂತೆ ಬರೆದಿಡಬೇಕು. ಆಧಾರವಿಲ್ಲದ ಕಡೆ ಕೈತಡೆಯಬೇಕು. ಇದರಿಂದ ಪ್ರತಿಮೆಗಳ ಹೊಳಪು ಕಡಿಮೆಯಾದೀತೆಂಬ ಭಯವು ಕೆಲವರಿಗಿರಬಹುದು. ಆದರೆ ಹೊಳಪಿನಿಂದಾದ ನಷ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ? ಹಿತ್ತಾಳೆಯ ಎದೆಹಲಗೆಯ ವೀರನನ್ನೇ ಕಂಡು ಬೆಳೆದ ಹುಡುಗನಿಗೆ ತನ್ನೂರ ಕೆರೆಯ ದಂಡೆಯ ಕಲ್ಲಿನ ಬರಿಮೈಯವನು ವೀರನೆಂದು ತೋರುವದೇ ಇಲ್ಲ. ಎಣ್ಣೆಬಣ್ಣ ಬಳಿಸಿಕೊಂಡು, ಗೋಡೆಯೊಳಗೆ ಸೇರಿಕೊಂಡು, ಬಟ್ಟೆ ಒಗೆಯುವ ಹಾಸುಗಲ್ಲಾಗಿ ಎಷ್ಟೋ ವೀರಗಲ್ಲುಗಳು ಹಾಳಾಗುವದಕ್ಕೆ ಈ ಗುರುತು ತಪ್ಪಿದ್ದೂ ಒಂದು ಕಾರಣವಾಗಿದೆ. ಆ ಕಲ್ಲನ್ನು ನಿಲ್ಲಿಸಿದ ಊರಿನವರು ಹೇಳಬಯಸಿದ್ದು, ಮೈಮೇಲೆ ಏನೂ ಇಲ್ಲದವನೊಬ್ಬನು ಪರರ ದನಗಳಿಗಾಗಿ ಕತ್ತಿಯ ಮುಂದೆ ನಿಂತನೆಂಬ ಸಂಗತಿಯನ್ನು. ಅವನಿಗೆ ಈಗ ಲೋಹದ ಎದೆಯನ್ನು ತೊಡಿಸುವದೆಂದರೆ, ಊರು ಯಾವದಕ್ಕಾಗಿ ಅವನನ್ನು ನೆನೆಯಿತೋ ಅದನ್ನೇ ಅವನಿಂದ ಕಸಿದುಕೊಂಡಂತೆ ಆಗುವದು.