ಪ್ರಾಸ್ಟೇಟ್ ಅರ್ಬುದದ ಚಿಕಿತ್ಸೆ: ದೇಶದ ಅಂಕೆಯೂ ಮಲೆನಾಡಿನ ದಾರಿಯೂ

ಪ್ರಾಸ್ಟೇಟ್ ಗ್ರಂಥಿಯ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಎಷ್ಟು ಮಂದಿಗೆ ನಡೆಯಿತು, ವಿಕಿರಣ ಚಿಕಿತ್ಸೆ ಎಷ್ಟು ಮಂದಿಗೆ ದೊರೆಯಿತು ಎಂದು ಎಣಿಸಿ, ಅದನ್ನೇ ದೇಶದ ಒಲವೆಂದು ಕರೆಯುವ ವಾಡಿಕೆಯುಂಟು. ಈ ಎಣಿಕೆಯ ಬುಡವನ್ನು ನಾವು ಮೊದಲು ಪರೀಕ್ಷಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ವರದಿಯಲ್ಲಿ ಜನಸಂಖ್ಯೆಯನ್ನು ಆಧರಿಸಿದ ನೋಂದಣಿಗಳು 28; ಅವುಗಳಲ್ಲಿ ಕರ್ನಾಟಕದ್ದು ಬೆಂಗಳೂರಿನದೊಂದೇ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ರೋಗಿಯು ದೊಡ್ಡ ಆಸ್ಪತ್ರೆಯ ಬಾಗಿಲು ಮುಟ್ಟಿದರೆ ಮಾತ್ರ ಲೆಕ್ಕಕ್ಕೆ ಬಂದಾನು.

ಗ್ರಂಥಿಯೊಳಗೇ ಉಳಿದ ರೋಗಕ್ಕೆ ಎರಡು ಚಿಕಿತ್ಸೆಗಳೂ ಸರಿಸಮವೆನ್ನಲು ಆಧಾರವಿದೆ. ಬ್ರಿಟನ್ನಿನಲ್ಲಿ 1,643 ಪುರುಷರನ್ನೊಳಗೊಂಡ 'ಪ್ರೊಟೆಕ್ಟ್' ಪ್ರಯೋಗದ 2023ರ ಫಲಿತಾಂಶದಂತೆ, ಶಸ್ತ್ರಚಿಕಿತ್ಸೆ, ವಿಕಿರಣ, ಎಚ್ಚರದ ನಿರೀಕ್ಷಣೆ ಈ ಮೂರು ಗುಂಪುಗಳಲ್ಲಿಯೂ ಸುಮಾರು 15 ವರ್ಷಗಳಲ್ಲಿ ಈ ರೋಗದಿಂದ ಮಡಿದವರು ನೂರಕ್ಕೆ ಇಬ್ಬರು ಮೂವರು ಮಾತ್ರ. ಆದರೆ ಅವರ ರೋಗ ರಕ್ತಪರೀಕ್ಷೆಯ ಮೂಲಕ ಮುಂಚಿತವಾಗಿಯೇ ಪತ್ತೆಯಾದುದು. ಮೂಳೆಗೆ ಹರಡಿದ ಮೇಲೆ ಬರುವವನಿಗೆ ಹಾರ್ಮೋನು ಚಿಕಿತ್ಸೆಯೇ ಮುಖ್ಯ. ಈ ಆಯ್ಕೆ ಅವನದಲ್ಲ.

ಆಯ್ಕೆಯುಳ್ಳವನಿಗೂ ದಾರಿ ಅಡ್ಡ ಬರುತ್ತದೆ. ವಿಕಿರಣವನ್ನು 20 ಸಲ ಕೊಡುವ ಕ್ರಮಕ್ಕೇ ನಾಲ್ಕು ವಾರ ಬೇಕು. ಕಳಸದ ತೋಟದ ಕೂಲಿಗಾರನು ಕಾಫಿ ಕೊಯ್ಲಿನ ದಿನಗಳಲ್ಲಿ ಮಂಗಳೂರಿನಲ್ಲೋ ಮಣಿಪಾಲದಲ್ಲೋ ತಿಂಗಳು ಬಿಡಾರ ಹೂಡಬಲ್ಲನೆ? ಮಳೆಗಾಲದಲ್ಲಿ ಚಾರ್ಮಾಡಿ ಘಟ್ಟ ಕುಸಿದರೆ ಮೂಡಿಗೆರೆಯವನ ಗತಿಯೇನು? ಇಂಥವನು ಒಂದೇ ಬಾರಿಗೆ ಮುಗಿಯುವ ಶಸ್ತ್ರಚಿಕಿತ್ಸೆಗೆ ಒಪ್ಪಿದರೆ, ಇಲ್ಲವೆ ಎರಡನ್ನೂ ತೊರೆದರೆ, ಅದು ವೈದ್ಯಶಾಸ್ತ್ರದ ಒಲವಲ್ಲ, ದೂರದ ಫಲ.

ಆದುದರಿಂದ ರೋಗದ ಹಂತವನ್ನೂ ರೋಗಿಯ ಊರನ್ನೂ ಹೇಳದ ಪಟ್ಟಿಯನ್ನು ದೇಶದ ಒಲವೆಂದು ನಾವು ಒಪ್ಪಲಾರೆವು. ಮಹಾರಾಷ್ಟ್ರದ ಬಾರ್ಶಿಯಲ್ಲಿ 1987ರಲ್ಲಿಯೇ ಗ್ರಾಮೀಣ ನೋಂದಣಿ ಆರಂಭವಾಯಿತು. ಕಾಫಿಯ ಬೆಟ್ಟಗಳಿಗೂ ಅಂಥದೊಂದು ಸಲ್ಲತಕ್ಕದ್ದು.