ನೊರೆಯುಕ್ಕಿಸುವ ಕಂದು ಸೀಸೆ
ಟಿ. ದಾಸರಹಳ್ಳಿಯ ಮೆಡಿಕಲ್ ಶಾಪ್‌ಗಳಲ್ಲೂ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ನೀರಿಗಿಂತ ಒಂದೇ ಆಮ್ಲಜನಕದ ಪರಮಾಣು ಹೆಚ್ಚಿರುವ ದ್ರವ. 1818ರಲ್ಲಿ ಫ್ರಾನ್ಸಿನ ಥೆನಾರ್ ಇದನ್ನು ಕಂಡುಹಿಡಿದ. ಬೆಳಕಿಗೆ ಕೆಡುತ್ತದೆಂದೇ ಕಂದು ಸೀಸೆ. ಬಟ್ಟೆಯ ಮೇಲಿನ ರಕ್ತದ ಕಲೆಗೆ ನಾಲ್ಕು ಹನಿ ಬಿಟ್ಟರೆ ಇದರ ಗತ್ತು ತಿಳಿಯುತ್ತದೆ: ರಕ್ತದಲ್ಲಿರುವ ಕೆಟಲೇಸ್ ಕಿಣ್ವ ಅದನ್ನು ನೀರು, ಆಮ್ಲಜನಕವಾಗಿ ಒಡೆಯುತ್ತದೆ, ಬಿಳಿ ನೊರೆ ಬುಸುಬುಸು ಏಳುತ್ತದೆ. ಆಮೇಲೆ ತಣ್ಣೀರಲ್ಲಿ ಜಾಲಿಸಿದರಾಯಿತು. ಬಣ್ಣದ ಬಟ್ಟೆಯಾದರೆ ಮೊದಲು ಅಂಚಿನಲ್ಲಿ ಪರೀಕ್ಷಿಸಬೇಕು. ಗಾಯದ ವಿಷಯದಲ್ಲಿ ಮಾತ್ರ ಇದರ ಹೊಗಳಿಕೆ ಅತಿಯಾಯಿತು. ಕ್ರಿಮಿಯ ಜೊತೆಗೆ ಚಿಗುರುವ ಜೀವಕೋಶಗಳನ್ನೂ ಅದು ಘಾಸಿಗೊಳಿಸುತ್ತದೆ. ಸಣ್ಣ ತರಚಿಗೆ ಸೋಪು, ನೀರೇ ಮೇಲು. ಬಾಯಿ ಮುಕ್ಕಳಿಸಲು 1.5% ಸಾಕು: ಲೇಬಲ್ಲಿನಲ್ಲಿ 6% ಎಂದಿದ್ದರೆ ಮೂರು ಪಾಲು ನೀರು ಬೆರೆಸಬೇಕು, ನುಂಗಬಾರದು. ವಿನೆಗರ್, ಬ್ಲೀಚ್ ಜೊತೆ ಬೆರೆಸುವಂತೆಯೇ ಇಲ್ಲ.