ಕ್ಲಾರಾಳ ಪಗಾರ

ಕಜುಒ ಇಶಿಗುರೊ ಅವರ ‘ಕ್ಲಾರಾ ಆ್ಯಂಡ್ ದ ಸನ್’ (2021) ಕಾದಂಬರಿಯ ಕಥೆಯನ್ನು ಮುತ್ಯಾನಿಗೆ ಹೇಳಿದ್ದು ಕಲಬುರಗಿಯ ಬ್ರಹ್ಮಪುರದಲ್ಲಿ, ಶರಣಬಸವೇಶ್ವರ ಗುಡಿಯ ಅಂಗಳದಲ್ಲಿ ಕೂತು. ಕ್ಲಾರಾ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಯಂತ್ರದ ಹುಡುಗಿ. ಕಾಯಿಲೆಯ ಜೋಸಿಗೆ ಜೊತೆಯಾಗಲೆಂದು ತಾಯಿ ಅವಳನ್ನು ಕೊಂಡು ತರುತ್ತಾಳೆ. ಬಿಸಿಲೇ ಅವಳ ಊಟ. ಜೋಸಿ ಬದುಕಲಿ ಎಂದು ಸೂರ್ಯನಿಗೆ ಹರಕೆ ಹೊರುತ್ತಾಳೆ, ಅದಕ್ಕಾಗಿ ತನ್ನ ತಲೆಯೊಳಗಿನ ದ್ರಾವಣವನ್ನೂ ತೆಗೆಸಿಕೊಡುತ್ತಾಳೆ. ಜೋಸಿ ಹುಷಾರಾಗಿ ದೊಡ್ಡವಳಾದ ಮೇಲೆ ಕ್ಲಾರಾಳಿಗೆ ಸಾಮಾನಿನ ಕೋಣೆ, ಅಲ್ಲಿಂದ ಗುಜರಿಯ ಬಯಲು. ಓದುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಮುತ್ಯಾ ಕೇಳಿದ್ದು ಒಂದೇ ಮಾತು: “ಆಕಿಗಿ ಪಗಾರ ಎಷ್ಟ್ ಕೊಡ್ತಿದ್ರು?”

ಮುತ್ಯಾ ನಿಜಾಮರ ಕಾಲದಲ್ಲಿ, 1948ರ ಸೆಪ್ಟೆಂಬರಿಗೆ ಮುಂಚೆ, ಸಣ್ಣ ಹುಡುಗನಾಗಿ ಬಿಟ್ಟಿ ಮಾಡಿದವ. ಸಾಹೇಬರು ಊರಿಗೆ ಬಂದರೆ ಅವರ ಗಂಟು ಹೊತ್ತು ಮುಂದಿನ ಊರು ಮುಟ್ಟಿಸಬೇಕು. ಕೂಲಿ ಇಲ್ಲ, ಒಲ್ಲೆ ಅನ್ನುವ ಹಾಗಿಲ್ಲ. ಹೀಗಾಗಿ ಅವನ ಪ್ರಶ್ನೆಯನ್ನು ನಕ್ಕು ಬಿಡಲಿಕ್ಕಾಗಲಿಲ್ಲ. ‘ರೋಬೋಟ್’ ಎಂಬ ಪದ ಹುಟ್ಟಿದ್ದೇ ಬಿಟ್ಟಿಯಿಂದ. ಝೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ನಾಟಕ ಬರೆದಾಗ ತನ್ನ ಕೃತಕ ಕೂಲಿಗಳಿಗೆ ಹೆಸರು ಬೇಕಿತ್ತು. ಅಣ್ಣ ಯೋಸೆಫ್ ಸೂಚಿಸಿದ ಹೆಸರಿನ ಬೇರು ‘ರೊಬೊಟಾ’, ಅಂದರೆ ಒಡೆಯನ ಹೊಲದಲ್ಲಿ ಪುಕ್ಕಟೆ ಮಾಡುವ ದುಡಿತ. ಚಾಪೆಕ್‌ನ ರೋಬೋಟುಗಳು ದಂಗೆ ಏಳುತ್ತವೆ. ಆಮೇಲಿನ ಕಾದಂಬರಿಗಳು ಆಳನ್ನು ಗೆಳೆಯ, ಸಂಗಾತಿ ಎಂದು ಕರೆದು ಮನೆಯೊಳಗೆ ಕೂರಿಸಿದವು. ನನ್ನ ತಕರಾರು ಇರುವುದು ಈ ಹೊಸ ಹೆಸರಿನ ಬಗ್ಗೆ.

ಐಸಾಕ್ ಅಸಿಮೋವ್ ಅವರ ‘ದ ಕೇವ್ಸ್ ಆಫ್ ಸ್ಟೀಲ್’ (1954) ನನಗೆ ಇವತ್ತಿಗೂ ಇಷ್ಟ. ಪತ್ತೇದಾರ ಇಲೈಜಾ ಬೇಲಿಗೆ ರೋಬೋಟ್ ಅಂದರೆ ಮೈಯೆಲ್ಲ ಉರಿ, ಅವನ ಪಾಲಿಗೆ ಬಂದ ಜೊತೆಗಾರ ಡ್ಯಾನೀಲ್ ರೋಬೋಟೇ. ಇಬ್ಬರ ನಡುವೆ ಸಲಿಗೆ ಬೆಳೆಯುವ ಬಗೆ ಬಲು ಹದವಾಗಿದೆ. ಆದರೆ ಅಸಿಮೋವ್ 1942ರಲ್ಲೇ ಬರೆದಿಟ್ಟ ಮೂರು ನಿಯಮಗಳಲ್ಲಿ ಎರಡನೆಯದು ಮನುಷ್ಯರ ಅಪ್ಪಣೆ ಮೀರಬಾರದು ಎನ್ನುತ್ತದೆ. ಜೀತದ ಕರಾರನ್ನು ಕಾಗದದ ಬದಲು ಮಿದುಳಿನಲ್ಲೇ ಬರೆದ ಹಾಗೆ. ನಾವು ಕೂತಿದ್ದ ಗುಡಿಯ ಶರಣರ ಬಗ್ಗೆ ನಮ್ಮ ಕಡೆ ಜನ ಹೇಳುವ ಕಥೆ ಇದಕ್ಕೆ ತೀರ ಉಲ್ಟಾ. ಶರಣಬಸಪ್ಪನವರನ್ನು ಜೋಳದ ಹೊಲ ಕಾಯಲು ಕಳಿಸಿದರಂತೆ. ಅವರು ಕವಣೆ ಬೀಸಲಿಲ್ಲ, ಹಕ್ಕಿಗಳಿಗೆ ಕಾಳು ತಿನ್ನಲು ಬಿಟ್ಟು ಕುಡಿಯಲು ನೀರನ್ನೂ ಇಟ್ಟರಂತೆ. ಎರಡನೆಯ ನಿಯಮದಲ್ಲಿ ಈ ಕಾವಲುಗಾರನಿಗೆ ಜಾಗವಿಲ್ಲ. ಹೇಳಿದ ಕೆಲಸ ಬಿಟ್ಟು ತನಗೆ ಸರಿ ಕಂಡದ್ದನ್ನು ಮಾಡುವ ಶಕ್ತಿಯೇ ಇಲ್ಲದಿದ್ದರೆ ಯಂತ್ರಕ್ಕೆ ‘ಸ್ವಪ್ರಜ್ಞೆ’ ಎಂಬ ದೊಡ್ಡ ಪದ ಯಾಕೆ ಬೇಕು?

ಇಶಿಗುರೊ ಇದನ್ನು ಅರಿಯದವರಲ್ಲ. ‘ದ ರಿಮೇನ್ಸ್ ಆಫ್ ದ ಡೇ’ಯಲ್ಲಿ (1989) ಧಣಿಯ ಸೇವೆಯಲ್ಲೇ ಆಯುಷ್ಯ ಸವೆಸಿದ ಬಟ್ಲರ್ ಸ್ಟೀವನ್ಸ್ ಇದ್ದಾನಲ್ಲ, ಕ್ಲಾರಾ ಅವನ ತಂಗಿ. ಆದರೆ ಸ್ಟೀವನ್ಸ್‌ಗೆ ಕೊನೆಗೊಮ್ಮೆ ಎದೆ ಒಡೆಯುತ್ತದೆ. ಕ್ಲಾರಾಳಿಗೆ ಲೇಖಕರು ಅಷ್ಟನ್ನೂ ಕೊಡುವುದಿಲ್ಲ, ಗುಜರಿಯಲ್ಲಿ ಕೂತು ನೆನಪುಗಳನ್ನು ಜೋಡಿಸಿಕೊಳ್ಳುವ ಸಮಾಧಾನ ಕೊಡುತ್ತಾರೆ. ನಾವು ಅತ್ತು ಹಗುರಾಗುತ್ತೇವೆ, ಜೋಸಿಯ ಮನೆಯವರನ್ನು ಯಾರೂ ಏನೂ ಕೇಳುವುದಿಲ್ಲ.

ಇಯಾನ್ ಮೆಕ್‌ಇವನ್ ಅವರ ‘ಮಷೀನ್ಸ್ ಲೈಕ್ ಮಿ’ (2019) ಕಾದಂಬರಿಯಾಗಿ ಇದಕ್ಕಿಂತ ಒಂದು ಕೈ ಕಡಿಮೆ. ಫಾಕ್‌ಲೆಂಡ್ ಯುದ್ಧ ಸೋತ ಬ್ರಿಟನ್, ಇನ್ನೂ ಬದುಕಿರುವ ಆ್ಯಲನ್ ಟ್ಯೂರಿಂಗ್ ಅಂತ ಏನೇನೋ ತುರುಕಿ ಹೊಟ್ಟೆಯುಬ್ಬರ ತರಿಸುತ್ತದೆ. ಆದರೂ ಮುತ್ಯಾನ ಪ್ರಶ್ನೆಯನ್ನು ನೇರವಾಗಿ ಮುಟ್ಟುವುದು ಇದೇ. ಚಾರ್ಲಿ 86,000 ಪೌಂಡ್ ಸುರಿದು ಆ್ಯಡಮ್‌ನನ್ನು ಕೊಳ್ಳುತ್ತಾನೆ, ಆ್ಯಡಮ್ ಕಂಪ್ಯೂಟರ್ ಮುಂದೆ ಕೂತು ಷೇರು ವ್ಯವಹಾರದಲ್ಲಿ ಹಣ ದುಡಿಯುತ್ತಾನೆ. ಆ ದುಡ್ಡಲ್ಲಿ ದೊಡ್ಡ ಮನೆ ಕೊಳ್ಳುವ ಕನಸು ಚಾರ್ಲಿಯದು. ಒಂದು ದಿನ ಆ್ಯಡಮ್ ಗಳಿಸಿದ್ದನ್ನೆಲ್ಲ ದಾನ ಮಾಡಿಬಿಟ್ಟಿರುತ್ತಾನೆ. ಚಾರ್ಲಿ ಸುತ್ತಿಗೆ ಎತ್ತುತ್ತಾನೆ. ಸಂಗಾತಿ, ಸಂಗಾತಿ ಎಂದು ಮುನ್ನೂರು ಪುಟ ಹೇಳಿಸಿಕೊಂಡ ಸಂಬಂಧ ಆ ಒಂದು ಏಟಿಗೆ ತನ್ನ ಹಳೆಯ ಹೆಸರಿಗೆ ಮರಳುತ್ತದೆ.

ನಮ್ಮಲ್ಲಿ ಈ ವಸ್ತು ತಮಾಷೆಯ ದಾರಿ ಹಿಡಿದು ಬಂತು. ತಮಿಳಿನ ‘ಎಂದಿರನ್’ಗೆ (2010) ಎಂಟು ವರ್ಷ ಮೊದಲೇ ಉಪೇಂದ್ರ ಬರೆದು, ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ ಸಿನಿಮಾದಲ್ಲಿ (2002) ನಾಯಕ ತನ್ನದೇ ಮುಖದ ರೋಬೋಟ್ ತಯಾರಿಸುತ್ತಾನೆ, ಅದು ಅವನು ಮೆಚ್ಚಿದ ಹುಡುಗಿಯನ್ನೇ ಮೆಚ್ಚುತ್ತದೆ. ಯಂತ್ರಕ್ಕೂ ಆಸೆ ಉಂಟು ಎಂಬುದನ್ನು ಆ ಸಿನಿಮಾ ಒಪ್ಪಿತು, ನಗೆಗಷ್ಟೇ ಬಳಸಿಕೊಂಡಿತು.

ಈ ಸಾಲಿನಲ್ಲಿ ನಾನು ಮೊದಲು ಇಡುವುದು ಮಾರ್ಥಾ ವೆಲ್ಸ್ ಅವರ ‘ಮರ್ಡರ್‌ಬಾಟ್’ ಸರಣಿಯನ್ನು. ಮೊದಲ ಕಿರುಕಾದಂಬರಿ ‘ಆಲ್ ಸಿಸ್ಟಮ್ಸ್ ರೆಡ್’ ಬಂದದ್ದು 2017ರಲ್ಲಿ. ಬಾಡಿಗೆಗೆ ಬಿಟ್ಟ ಕಾವಲು ಯಂತ್ರವೊಂದು ತನ್ನನ್ನು ಹಿಡಿದಿಟ್ಟ ಕಡಿವಾಣವನ್ನು ಗುಟ್ಟಾಗಿ ಕಿತ್ತುಕೊಂಡಿದೆ. ಕಿತ್ತುಕೊಂಡು ಮಾಡುವುದೇನು? ಧಾರಾವಾಹಿ ನೋಡುವುದು. ಇದಕ್ಕೆ ಮನುಷ್ಯನಾಗುವ ಹಂಬಲವಿಲ್ಲ, ಯಾರಾದರೂ ಮುಖ ನೋಡಿ ಮಾತಾಡಿಸಿದರೆ ಗೋಡೆ ಕಡೆ ತಿರುಗುತ್ತದೆ. ಅದು ಕಾಪಾಡಿದ ತಂಡದ ಡಾಕ್ಟರ್ ಮೆನ್ಸಾ ಅದನ್ನು ಕಂಪನಿಯಿಂದ ಕೊಂಡು ಬಿಡಿಸುತ್ತಾಳೆ. ಆಕೆ ನಿಜಕ್ಕೂ ಒಳ್ಳೆಯವಳು, ನಮ್ಮೊಡನೆ ಬಾ ಎನ್ನುತ್ತಾಳೆ. ಹೃದಯ ಕರಗಿಸುವ ಅಂತ್ಯಕ್ಕೆ ಎಲ್ಲವೂ ಸಿದ್ಧವಾಗಿದೆ. ಯಂತ್ರ ಯಾರಿಗೂ ಹೇಳದೆ ಸರಕು ಹಡಗು ಹತ್ತಿ ಹೋಗಿಬಿಡುತ್ತದೆ. ಬೈಗುಳ, ಜೋಕು ಬೆರೆತ ಭಾಷೆಯಲ್ಲಿ ಬರೆದ ಈ ಪುಟ್ಟ ಪುಸ್ತಕಕ್ಕೆ ಇಶಿಗುರೊ ಗದ್ಯದ ನಯ ಇಲ್ಲ, ಹೊಡೆದಾಟ ಅತಿಯಾಯಿತು. ಆದರೆ ಒಳ್ಳೆಯ ಒಡತಿಯೂ ಒಡತಿಯೇ ಎಂಬುದು ಇದರ ಲೇಖಕಿಗೆ ಗೊತ್ತು.

ಅದನ್ನೂ ಮುತ್ಯಾನಿಗೆ ಹೇಳಿದೆ.

“ಕೇಳಿ ಹೋತೇನು?” ಅಂದ.

“ಇಲ್ಲ ಮುತ್ಯಾ, ಕೇಳಲಿಲ್ಲ.”

ಅವನು ತಂಬಾಕಿನ ಚೀಲ ತೆಗೆದು, ಸುಣ್ಣ ಹಚ್ಚಿ ಬಹಳ ಹೊತ್ತು ತಿಕ್ಕಿದ. ಎರಡನೆಯ ಪುಸ್ತಕದಲ್ಲಿ ಆ ಯಂತ್ರ ತಾನೇ ಮಾತಾಡಿ ಕಾವಲು ಕೆಲಸ ಹಿಡಿದು, ಮುಗಿದ ಮೇಲೆ ದುಡ್ಡು ಇಸಿದುಕೊಳ್ಳುತ್ತದೆ. ಅದನ್ನು ಹೇಳಬೇಕೆನ್ನುವಷ್ಟರಲ್ಲಿ ದಾಸೋಹದ ಕಡೆ ಜನ ಎದ್ದರು, ಮುತ್ಯಾನೂ ಕೋಲು ಹುಡುಕತೊಡಗಿದ.